ಹುಲ್ಲಿನ ಫೋಟೋ

ನಮ್ಮ ಬಂಧುಬಳಗದಲ್ಲಿ ಶುಭಕಾರ್ಯಕ್ಕೆ ಕೊಡುವ ಆಹೇರು ಎಂದರೆ ಟೋಪಿ, ಟಾವೆಲ್ಲು, ಕುಬಸದ ಖಣ. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ ಒಬ್ಬರು ಮೈಕು ಹಿಡಿದು ಯಾರದು ಏನು ಎಂದು ಕೂಗಿ ಹೇಳುತ್ತಾರೆ. ಬಂದದ್ದೆಲ್ಲ ಮನೆಯ ಹಿರಿಯ ಹೆಂಗಸಿನ ಟ್ರಂಕು ಸೇರುತ್ತದೆ, ಮುಂದಿನ ಮದುವೆಯಲ್ಲಿ ಅಲ್ಲಿಂದ ಎದ್ದು ಇನ್ನೊಬ್ಬರ ಮನೆಗೆ ಹೋಗುತ್ತದೆ. ಚಿಕ್ಕೋಡಿಯಲ್ಲಿ ನಾವೇ ಕೊಟ್ಟ ಹಸಿರು ಟಾವೆಲ್ಲೊಂದು ರಾಯಬಾಗದ ಕಡೆಯೆಲ್ಲ ತಿರುಗಿ ಮಡಿಕೆ ಮುರಿಯದೆ ನಮಗೇ ವಾಪಸು ಬಂದಿತ್ತು. ಅವ್ವ ನಕ್ಕು ಅದನ್ನು ಮತ್ತೆ ಒಳಗಿಟ್ಟಳು. ಇದರಲ್ಲಿ ಯಾರಿಗೂ ಬೇಸರವಿಲ್ಲ. ಕೊಟ್ಟದ್ದನ್ನು ಜನ ಇಟ್ಟುಕೊಳ್ಳುತ್ತಾರೆ ಎಂದು ನಂಬಿದವನು ನಮ್ಮ ಕಾಕಾ ಒಬ್ಬನೇ.

ಕಾಕಾ ಅಪ್ಪನ ತಮ್ಮ. ಬೆಳಗಾವಿಯ ಕ್ಯಾಂಪಿನಲ್ಲಿ ಸೈನ್ಯದ ಸಾಹೇಬರು ಗಾಲ್ಫ್ ಆಡುವ ಮೈದಾನದಲ್ಲಿ ಅವನ ನೌಕರಿ. ಹರೆಯದಲ್ಲಿ ಅವರ ಕೋಲುಗಳ ಚೀಲ ಹೊತ್ತ, ಆಮೇಲೆ ಕ್ಲಬ್ಬಿನ ಕಟ್ಟಡ ನೋಡಿಕೊಂಡ. ಚೀಲ ಹೊತ್ತು ಹೊತ್ತು ಎಡಭುಜ ತುಸು ಇಳಿದಿತ್ತು. ವರ್ಗವಾಗಿ ಹೋಗುವ ಸಾಹೇಬರು ಅವನಿಗೆ ಏನಾದರೊಂದು ಕೊಟ್ಟು ಹೋಗುತ್ತಿದ್ದರು: ಮೈತುಂಬ ಕುಳಿಗಳಿರುವ ಬಿಳಿ ಚೆಂಡು, ಹೊಳಪು ಹೋದ ಬೆಳ್ಳಿಬಣ್ಣದ ಬಹುಮಾನದ ಕಪ್ಪು, ಕೋಲು ಬೀಸಿ ನಿಂತ ಹಿತ್ತಾಳೆಯ ಆಟಗಾರನಿರುವ ಬೂದಿಬಟ್ಟಲು, ಬುಗ್ಗೆ ಚಡ್ಡಿ ತೊಟ್ಟ ಬಿಳಿಯರ ಚಿತ್ರಗಳು. ಅವನು ಅದನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಡುತ್ತಿದ್ದ. ಬಳಗದಲ್ಲಿ ಮದುವೆ ಬಂದರೆ ಯಾರಿಗೆ ಯಾವುದು ಒಪ್ಪುತ್ತದೆಂದು ವಾರಗಟ್ಟಲೆ ಯೋಚಿಸಿ ಒಂದನ್ನು ಆರಿಸಿ ತರುತ್ತಿದ್ದ.

ಒಪ್ಪುವುದು ಎಲ್ಲಿಂದ ಬಂತು! ಬೂದಿಬಟ್ಟಲು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕಾಗದ ಹಾರದಂತೆ ಒತ್ತಿಡುವ ಕೆಲಸಕ್ಕೆ ಬಿತ್ತು. ಬೆಳ್ಳಿಬಣ್ಣದ ಕಪ್ಪಿನಲ್ಲಿ ಕಬ್ಬೂರಿನ ಅತ್ತೆ ತೊಗರಿಬೇಳೆ ಅಳೆಯುತ್ತಿದ್ದಳು. ಹುಡುಗರು ಅವನನ್ನು ಚಂಡಿನ ಕಾಕಾ ಎಂದು ಚಾಷ್ಟಿ ಮಾಡಿದರೆ ದೊಡ್ಡವರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಮ್ಮವರ ವಿಷಯದಲ್ಲಿ ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಕಪ್ಪಿನ ವಿಷಯಕ್ಕೆ ನಾನು ಸಿಡಿಮಿಡಿಗೊಂಡಾಗ ಕಾಕಾ, "ಉಪಯೋಗಕ್ಕ ಬಂತಲ್ಲ, ಬಿಡವ್ವಾ" ಎಂದ.

ಅವನಿಗೆ ಮಕ್ಕಳಿರಲಿಲ್ಲ. ನಾನು ಹುಟ್ಟಿದಾಗ ಅವ್ವ ಬಹಳ ದಿನ ಹಾಸಿಗೆ ಹಿಡಿದಳಂತೆ. ಆಗ ಕಾಕಾ, ಅವನ ಹೆಂಡತಿ ಕಾಕು ಇಬ್ಬರೂ ನನ್ನ ಅಕ್ಕನನ್ನು ಬೆಳಗಾವಿಗೆ ಕರೆದೊಯ್ದು ಸಾಕಿದರು. ಶಾಲೆಗೆ ಹಾಕುವ ವಯಸ್ಸಿಗೆ ಅವಳು ನಮ್ಮಲ್ಲಿಗೆ ಮರಳಿದಳು, ಆದರೆ ಕಾಕಾನಿಗೆ ಕೊನೆಯವರೆಗೂ ಅವಳೇ ಮಗಳು. ಕಾಕು ತೀರಿಹೋದ ಮೇಲಂತೂ ಅವನಿಗೆ ಅವಳು ಬಿಟ್ಟರೆ ಲೋಕವೇ ಇರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಅಕ್ಕನನ್ನು ಅಥಣಿಯ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟರು. ಮದುವೆಗೆ ಕಾಕಾ ತಂದದ್ದು ಪೆಟ್ಟಿಗೆಯಲ್ಲೇ ಶ್ರೇಷ್ಠವಾದದ್ದು, ಚೌಕಟ್ಟು ಹಾಕಿಸಿದ ಒಂದು ನೀರುಬಣ್ಣದ ಚಿತ್ರ. ಮಳೆಗಾಲದ ಮೈದಾನ, ದೂರದಲ್ಲಿ ಕೆಂಪು ನಿಶಾನೆ, ಅದರತ್ತ ನಡೆಯುವ ಸಾಹೇಬ. ಅವನ ಹಿಂದೆ ಹೆಗಲಿಗೆ ಚೀಲ ಏರಿಸಿ, ನಮಗೆ ಬೆನ್ನು ಮಾಡಿ ಹೊರಟ ತೆಳ್ಳನೆಯ ತರುಣ. ಯಾರೋ ಅಧಿಕಾರಿಯ ಹೆಂಡತಿ ಬರೆದದ್ದಂತೆ. ವರ್ಷಗಟ್ಟಲೆ ಕ್ಲಬ್ಬಿನ ಗೋಡೆಯ ಮೇಲಿದ್ದು, ಸುಣ್ಣಬಣ್ಣದ ವೇಳೆ ಹಳೆಯದೆಂದು ಇಳಿಸಿದಾಗ ಕಾಕಾ ಕೇಳಿ ತಂದುಕೊಂಡಿದ್ದ. ನಮ್ಮ ಪಡಸಾಲೆಯಲ್ಲಿ ಕೂತು ಕಾಗದ ಸುತ್ತಿ ದಾರ ಕಟ್ಟಿದ; ಗಂಟು ಜಾರದಂತೆ ಬೆರಳು ಒತ್ತಿ ಹಿಡಿದವಳು ನಾನು. "ಇದನ್ನ ಅಕಿ ಇಟ್ಕೊಂತಾಳ" ಎಂದು ತನಗೆ ತಾನೇ ಹೇಳಿಕೊಂಡ.

ಅಥಣಿಯಲ್ಲಿ ತುಂಬಿದ ಮನೆ, ಟ್ರಂಕಿನ ಕೀಲಿ ಅಕ್ಕನ ಅತ್ತೆಯ ಸೊಂಟದಲ್ಲಿ. ಆಹೇರು ಬಿಚ್ಚಿದ ದಿನ ಅತ್ತೆ ಚಿತ್ರವನ್ನು ಆಚೆ ಈಚೆ ತಿರುಗಿಸಿ, "ದೇವರಲ್ಲ, ದಿಂಡರಲ್ಲ, ಈ ಹುಲ್ಲಿನ ಫೋಟೋ ಯಾತಕ್ಕವಾ?" ಎಂದಳಂತೆ. ಹೊಸ ಸೊಸೆ ಏನು ಹೇಳಿಯಾಳು? ಚಿತ್ರ ಟ್ರಂಕು ಸೇರಿತು. ಕಾಕಾ ಮೊದಲ ಸಲ ಅಥಣಿಗೆ ಹೋದಾಗ ಅವನ ಕಣ್ಣು ಗೋಡೆಗಳ ಮೇಲೆಲ್ಲ ಓಡಾಡಿದ್ದನ್ನು ಅಕ್ಕ ಕಂಡಿದ್ದಳು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮುಂದೆ ಕಾಗವಾಡದ ಮದುವೆಯೊಂದಕ್ಕೆ ಹೋಗುವಾಗ ಅತ್ತೆ ಅದನ್ನು ತೆಗೆದು ಸುತ್ತಿದಳು.

ನಿವೃತ್ತಿಯಾದ ಮೇಲೆ, ತೊಂಬತ್ತರ ದಶಕದ ನಡುವೆ, ಕಾಕಾ ಚಿಕ್ಕೋಡಿಯಲ್ಲಿ ನಮ್ಮ ಓಣಿಯ ಹಿಂದೆಯೇ ಪುಟ್ಟ ಮನೆ ಕಟ್ಟಿಸಿದ. ವಾಸ್ತುಶಾಂತಿಯ ದಿನ ಹೆಂಡತಿ ಇಲ್ಲದವನು ಪೂಜೆಗೆ ಕೂಡುವಂತಿಲ್ಲ ಎಂದು ಅಪ್ಪ, ಅವ್ವ ಕೂತರು. ಕಾಕಾ ತನ್ನ ಮನೆಯ ಬಾಗಿಲಲ್ಲಿ ನಿಂತು ಬಂದವರಿಗೆ ಚಪ್ಪಲಿ ಬಿಡುವ ಜಾಗ ತೋರಿಸುತ್ತಿದ್ದ. ಊಟದ ಮೇಲೆ ಆಹೇರು ಶುರುವಾಯಿತು. ನಿಪ್ಪಾಣಿಯ ನಮ್ಮ ಸೋದರತ್ತೆ ಮಿರಿಮಿರಿ ಕಾಗದ ಸುತ್ತಿದ ದೊಡ್ಡ ಕಟ್ಟು ಅವನ ಕೈಗಿಟ್ಟು, "ಎಲ್ಲಾರಂಗ ಟಾವೆಲ್ ತಂದಿಲ್ಲಪಾ ನಾ. ನಿನಗ ಈ ಆಟ ಅಂದ್ರ ಜೀವ ಅಂತ ಗೊತ್ತೈತಿ. ಮುಗಳಖೋಡದ ಬೀಗರ ಮನ್ಯಾಗ ಕಣ್ಣಿಗೆ ಬಿತ್ತು, ನಿನಗಂತನ ಇಸಗೊಂಡ ಬಂದೆ. ಬಿಚ್ಚು, ಎಲ್ಲಾರೂ ನೋಡ್ಲಿ" ಎಂದಳು. ಪಾಪ, ಇಡೀ ಬಳಗದಲ್ಲಿ ಅವನ ಮನಸ್ಸು ಅರಿತು ಉಡುಗೊರೆ ತಂದವಳು ಅವಳೊಬ್ಬಳೇ.

ಕಾಕಾ ಬಿಚ್ಚಿದ. ಮಳೆಗಾಲದ ಮೈದಾನ, ಕೆಂಪು ನಿಶಾನೆ.

ಅಕ್ಕ ಎದುರಿಗೇ ಕೂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಕಾಕಾ ಚೌಕಟ್ಟಿನ ಅಂಚನ್ನು ಹೆಬ್ಬೆರಳಿಂದ ಸವರುತ್ತ ನೋಡಿದ. ಆಮೇಲೆ ತಲೆ ಎತ್ತಿ, ಅಕ್ಕನ ಕಡೆ ನೋಡದೆ, "ಭಾಳ ಚಲೋ ಐತಿ. ಇಂಥಾದ್ದ ನನ್ನ ಹತ್ತರ ಇರಲಿಲ್ಲ" ಎಂದ. ನಾನು ಎದ್ದು ಹಿತ್ತಲಿಗೆ ಹೋದೆ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯದೆ ಅಲ್ಲೇ ನಿಂತು ಅತ್ತುಬಿಟ್ಟೆ.

ಸಂಜೆ ಹೊರಡುವಾಗ ಅಕ್ಕ ಅವನ ಕಾಲು ಮುಟ್ಟಿ, "ಕಾಕಾ, ಅದನ್ನ ನನಗ ಕೊಡು" ಎಂದಳು. "ಇರ್ಲಿ ಬಿಡವ್ವಾ, ಈಗ ನನ್ನ ಮನಿಗೆ ಬಂದೈತಿ" ಎಂದು ಅವಳ ತಲೆ ಸವರಿದ.

ಮರುದಿನ ಮೊಳೆ ಹೊಡೆಯಲು ನನ್ನನ್ನು ಕರೆದ. ಚಿತ್ರ ನೆಟ್ಟಗಿದೆಯೇ ಎಂದು ನಾನು ದೂರ ನಿಂತು ನೋಡುತ್ತಿದ್ದಾಗ ಆ ತರುಣ ಯಾರೆಂದು ಕೇಳಿದೆ.

"ನಾನ."

ನಾನು ಚಿತ್ರದ ಹತ್ತಿರ ಹೋದೆ. "ಅಕ್ಕಗ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ಇಟ್ಕೊಂತಿದ್ಲು. ಅದು ಗೊತ್ತೈತಿ. ಹೇಳದನ ಇಟ್ಕೊಂತಾಳೇನೋ ಅಂತ ಒಂದ ಆಸೆ ಇತ್ತು" ಎಂದು ಸುತ್ತಿಗೆಯನ್ನು ಗೂಟಕ್ಕೆ ತೂಗುಹಾಕಿದ. ಅಕ್ಕನಿಗೆ ತಿಳಿಸಕೂಡದು ಎಂದೂ ಹೇಳಿದ.

ಅದಾದ ಮೇಲೆ ಬಳಗದ ಯಾವ ಮದುವೆಗೂ ಕಾಕಾ ಪೆಟ್ಟಿಗೆ ತೆರೆಯಲಿಲ್ಲ. ಎಲ್ಲರಂತೆ ಟೋಪಿ, ಟಾವೆಲ್ಲು ಕೊಡುತ್ತಿದ್ದ. ಅಂತೂ ಬುದ್ಧಿ ಬಂತು ಎಂದು ಜನ ಸಮಾಧಾನಪಟ್ಟರು.

ಕೆಲವು ವರ್ಷಗಳಲ್ಲಿ ಅವನು ತೀರಿಕೊಂಡ. ದಿನಕರ್ಮಕ್ಕೆ ಹಾರ ಹಾಕಲು ಫೋಟೋ ಹುಡುಕಿದೆವು. ಸಿಕ್ಕದ್ದು ಪಿಂಚಣಿ ಕಾಗದಕ್ಕೆ ತೆಗೆಸಿದ್ದು, ಕೆನ್ನೆ ಒಳಸೇರಿದ ಮುದುಕನ ಮುಖ. ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು, ಆ ಗೋಡೆಗೇ ಒರಗಿ ಕೂತು ಅಂದಳು:

"ಕಾಕಾನ ಹರೇದಾಗಿಂದ ಒಂದ ಫೋಟೋನೂ ಇಲ್ಲ ನೋಡ. ಹೆಂಗಿದ್ದ ಅನ್ನೂದ ಮರ್ತಹೋಗೇತಿ."

ಅವಳ ತಲೆಯ ಮೇಲೆಯೇ ಚಿತ್ರ ತೂಗುತ್ತಿತ್ತು. ಕಾಕಾನ ಮಾತು ನೆನಪಿತ್ತು, ಆದರೆ ನನ್ನಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಅಕ್ಕ ಎದ್ದಳು. ಚಿತ್ರ ಇಳಿಸಿ ಬಾಗಿಲ ಬೆಳಕಿಗೆ ಒಯ್ದು, ಗಾಜನ್ನು ಸೆರಗಿನಿಂದ ಒರೆಸಿ, ಚೀಲದ ಭಾರಕ್ಕೆ ತುಸು ಇಳಿದಿದ್ದ ಆ ಎಡಭುಜವನ್ನು ಬಹಳ ಹೊತ್ತು ನೋಡಿದಳು.

"ಇದ ಹೆಗಲ ಮ್ಯಾಲ ಕುಂತ ಬೆಳದಾಕಿ ನಾ" ಎಂದಳು. "ನನಗ ಗುರ್ತ ಸಿಗಲಿಲ್ಲಲ್ಲೋ ಕಾಕಾ."