ಚಂದ್ರಕ್ಕನ ಉಡಿ

ನಾಟಕದವರು ಮುಖಕ್ಕೆ ಬಳಿಯುವ ಅರದಾಳವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ವಾಸನೆ ಬಂದರೆ ಸಾಕು, ಶಿರಸಿಯ ನಮ್ಮ ಹಳೆಯ ಮನೆಯ ಬೀದಿಕೋಣೆ ಕಣ್ಣೆದುರು ನಿಲ್ಲುತ್ತದೆ. ೧೯೬೧ರ ಬೇಸಿಗೆಯಲ್ಲಿ ಊರಿಗೆ ನಾಟಕ ಕಂಪನಿಯೊಂದು ಬಂದು ತಗಡಿನ ಥಿಯೇಟರು ಕಟ್ಟಿದಾಗ ಅದರ ನಾಯಕಿ ಚಂದ್ರಕ್ಕ ಆ ಕೋಣೆಗೆ ಬಾಡಿಗೆಗೆ ಬಂದಳು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ಗಂಡ ಹುಬ್ಬಳ್ಳಿಯಲ್ಲಿದ್ದಾನೆ ಎಂದಿದ್ದಳು. ಬೆಳಿಗ್ಗೆ ಒಲೆಯ ಮುಂದೆ ಕೂತು ಅವ್ವನಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. "ರಾಣಿ ರೊಟ್ಟಿ ಬಡದ್ರ ಸಿಂಹಾಸನದ ಗತಿ ಏನವಾ?" ಎಂದು ಅವ್ವ ಕೆಣಕಿದರೆ, "ಅದಕ್ಕ ಮೂರ ಕಾಲು ಅಕ್ಕಾ, ನಾಲ್ಕನೇದಕ್ಕ ಇಟ್ಟಂಗಿ ಇಟ್ಟಾರ" ಎನ್ನುತ್ತಿದ್ದಳು. ಯಾವ ದಿನ ಯಾವ ನಾಟಕ, ಅವಳದು ಯಾವ ಸೀರೆ, ಎಷ್ಟು ಒನ್ಸ್‌ಮೋರ್, ಎಲ್ಲವನ್ನೂ ನಾನು ದಿನಚರಿಯಲ್ಲಿ ಬರೆಯುತ್ತಿದ್ದೆ. ಶುಕ್ರವಾರ ಅವ್ವ ಅರಿಷಿಣ-ಕುಂಕುಮಕ್ಕೆ ಕರೆದಾಗಲೆಲ್ಲ ತಾಲೀಮು ಇದೆಯೆಂದು ಹೊರಟುಬಿಡುತ್ತಾಳೆ ಎಂದೂ ಬರೆದಿದ್ದೆ. ಯಾಕೆಂದು ಯೋಚಿಸಿರಲಿಲ್ಲ.

ಕಂಪನಿ ಯಲ್ಲಾಪುರಕ್ಕೆ ಹೊರಟ ದಿನ, ತವರಿಲ್ಲದ ಹೆಣ್ಣು ಬರಿ ಉಡಿಯಲ್ಲಿ ಹೋಗಬಾರದೆಂದು ಅವ್ವ ಓಣಿಯ ಮುತ್ತೈದೆಯರನ್ನು ಕರೆದಳು. ಚಂದ್ರಕ್ಕನನ್ನು ಮಣೆಯ ಮೇಲೆ ಕೂಡಿಸಿದಳು. ಚಂದ್ರಕ್ಕ ಸೆರಗೊಡ್ಡಿದಳು. ಅವ್ವ ಬೊಗಸೆ ತುಂಬ ಅಕ್ಕಿ ಎತ್ತಿದ್ದೇ ಚಂದ್ರಕ್ಕನ ಕೈಯಿಂದ ಸೆರಗು ಜಾರಿತು.

"ಬ್ಯಾಡಕ್ಕಾ. ನಿನಗ ಸುಳ್ಳು ಹೇಳಿ ಹೋಗಲಾರೆ. ಅವರು ತೀರಿಕೊಂಡು ಎರಡು ವರ್ಷಾತು. ಇದು ಕಂಪನಿ ತಾಳಿ, ಪಾರ್ಟಿನ ಪೆಟಿಗೀದು. ಇದಿಲ್ಲದಿದ್ರ ನನಗ ಯಾರು ಮನಿ ಕೊಡ್ತಿದ್ರು?"

"ಇನ್ನೂ ನಾಟಕ ಮುಗಿದಿಲ್ಲೇನ ಇಕಿದು?" ಎಂದಳು ಎದುರುಮನೆಯ ಕಾಕಿ. ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ, ಉಡಿಗೆ ಹಾಕೇಬಿಡುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಕ್ಕಿಯನ್ನು ಮರಳಿ ಮೊರಕ್ಕೆ ಸುರಿದಳು. ಚಂದ್ರಕ್ಕ ಎದ್ದು, ಅಂಕ ಮುಗಿದ ಮೇಲೆ ರಂಗದ ಸಾಮಾನು ತೆಗೆಯುವವರ ಹಾಗೆ, ತಾನು ಕೂತ ಮಣೆಯನ್ನು ಗೋಡೆಗೆ ಒರಗಿಸಿಟ್ಟು ಲಾರಿ ಹತ್ತಿದಳು. ಅವ್ವ ಆ ಕೋಣೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಆ ಮನೆ ಈಗಿಲ್ಲ. ಬಹಳ ವರ್ಷಗಳ ಮೇಲೆ, ಅಪ್ಪ ತೀರಿಕೊಂಡ ನಂತರ, ಟೀವಿಯ ಧಾರಾವಾಹಿಯೊಂದರಲ್ಲಿ ನೆರೆಗೂದಲಿನ ಚಂದ್ರಕ್ಕ ಕಂಡಳು. ಮಣೆಯ ಮೇಲೆ ಕೂತಿದ್ದಳು. ಸೊಸೆಯಂದಿರು ಅವಳ ಉಡಿ ತುಂಬುತ್ತಿದ್ದರು. ಬರಿಹಣೆಯ ಅವ್ವ ಕಣ್ಣು ಮಿಟುಕಿಸದೆ ನೋಡಿದಳು.

"ಯಾರರ ತುಂಬಿದ್ರಲ್ಲ" ಎಂದಳು.

ಅವಳ ಎರಡೂ ಕೈ ತೊಡೆಯ ಮೇಲೆ ಬೊಗಸೆಯಾಗಿ ಕೂಡಿದ್ದವು. ಧಾರಾವಾಹಿ ಮುಗಿದು ವಾರ್ತೆ ಶುರುವಾದರೂ ಬಿಚ್ಚಿರಲಿಲ್ಲ.