ಚಿನ್ನಕ್ಕ ಮುಟ್ಟಿದ ಕತ್ತಿ

ತಳಕು ಊರಿನಾಚೆಯ ಹಟ್ಟಿಯ ಶಾಲೆಯಲ್ಲಿ ಚಿನ್ನಕ್ಕ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದಳು. ಗಂಡ ಕುರಿಮಂದೆಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಶಾಲೆಯ ಅರವತ್ತು ಮಕ್ಕಳೇ ಅವಳ ದಿನ ತುಂಬುತ್ತಿದ್ದವರು. ಯಾರು ಮನೆಯಲ್ಲಿ ಏನೂ ತಿನ್ನದೆ ಬಂದಿದ್ದಾರೆಂದು ಮುಖ ನೋಡಿ ತಿಳಿಯುತ್ತಿದ್ದಳು. ಅಂಥವರ ತಟ್ಟೆಗೆ ಒಂದು ಸೌಟು ಹೆಚ್ಚು.

ಹೋದ ವರ್ಷ ಗರ್ಭಕೋಶದ ಆಪರೇಷನ್ನಿಗೆಂದು ಚಳ್ಳಕೆರೆಗೆ ಹೋದಾಗ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಯಿತು. ಯಾವಾಗ ಬಂತೋ ಹೇಳಲಾಗದು, ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದು, ಯಾರಿಗೋ ಚುಚ್ಚಿದ ಸೂಜಿಯಿಂದಲೂ ಬಂದಿರಬಹುದು ಎಂದರು ಡಾಕ್ಟರು. ಗಂಡನಿಗೂ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಲು ಹೇಳಿದರು. ಅವಳು ಕೇಳಿದ್ದು ಒಂದೇ ಮಾತು: ಅಡುಗೆ ಮಾಡಬಹುದೇ?

"ಧಾರಾಳವಾಗಿ ಮಾಡಮ್ಮ. ಇದು ಹರಡೋದು ರಕ್ತದಿಂದ, ಅನ್ನದಿಂದ ಅಲ್ಲ."

ನಾದಿನಿಯ ಬಾಯಿಂದ ಸುದ್ದಿ ಹಟ್ಟಿಗೆಲ್ಲ ತಿಳಿಯಿತು. ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಆದರೆ ಈ ಮಳೆಗಾಲದಲ್ಲಿ ಒಂದೇ ವಾರಕ್ಕೆ ಹದಿನಾಲ್ಕು ಮಕ್ಕಳ ಕಣ್ಣು ಹಳದಿಯಾದವು. ನಲ್ಲಿಯ ಪೈಪು ಚರಂಡಿಯೊಳಗೇ ಹಾದು ಬರುತ್ತದೆ. ವಾಲ್ವಿನ ಗುಂಡಿಯಲ್ಲಿ ಕೊಳಚೆ ನಿಂತಿತ್ತು. ಅದನ್ನು ಬಿಟ್ಟು ಜನ ಚಿನ್ನಕ್ಕನ ಕೈ ನೋಡಿದರು. ಶಾಲಾ ಸಮಿತಿಯ ಅಧ್ಯಕ್ಷ ಸೂರಪ್ಪ ಅವಳನ್ನು ಅಡುಗೆಮನೆಯಿಂದ ಹೊರಗೆ ನಿಲ್ಲಿಸಿದ.

ಆರೋಗ್ಯ ಕೇಂದ್ರದ ಸಿಸ್ಟರ್ ಶಾಂತಕುಮಾರಿ ಬಂದು ಗಂಟಲು ಒಣಗುವಷ್ಟು ಹೇಳಿದರು: "ಮಕ್ಕಳಿಗೆ ಬಂದಿರೋದು ಎ ಅನ್ನೋ ಕಾಮಾಲೆ. ಹೇಸಿಗೆ ಸೇರಿದ ನೀರು ಕುಡಿದ್ರೆ ಬರ್ತದೆ. ಚಿನ್ನಕ್ಕನದೇ ಬೇರೆ."

"ಹಳದಿ ಅಂದ್ರೆ ಹಳದೀನೇ ಕಣ್ರಿ ಸಿಸ್ಟರ್," ಎಂದ ಸೂರಪ್ಪ. "ಕರೀದಾದ್ರೇನು, ಬಿಳೀದಾದ್ರೇನು, ಕುರಿ ಕುರೀನೇ."

ಚಿನ್ನಕ್ಕ ತಡೆಯಲಾರದೆ ಅಂದಳು: "ಹಂಗಾರೆ ನಿನ್ ಕುರೀಗೆ ಕಾಲುಬ್ಯಾನೆ ಬಂದ್ರೂ ನೀಲಿನಾಲಗೆ ಬಂದ್ರೂ ಒಂದೇ ಔಸ್ತಿ ಕುಡುಸ್ತೀಯೇನಣ್ಣ?"

ಸುತ್ತ ನಿಂತವರು ನಕ್ಕರು. ಸೂರಪ್ಪನೂ ನಕ್ಕ. ಆದರೆ ಬಾಗಿಲು ತೆರೆಯಲಿಲ್ಲ. "ಡಾಕ್ಟ್ರ ಕಾಗದ ತಗಂಬಾ. ಸೋಮವಾರ ಮೀಟಿಂಗ್ ಐತೆ, ನೋಡಾನ," ಎಂದ.

ಅವಳು ಎರಡು ದಿನ ಚಳ್ಳಕೆರೆಯ ಸಾಲಿನಲ್ಲಿ ನಿಂತು ಕಾಗದ ತಂದಳು. ಅಡುಗೆ ಮಾಡಲು ಅಡ್ಡಿಯಿಲ್ಲ ಎಂದು ಅದರಲ್ಲಿ ಬರೆದಿತ್ತು. "ಸೋಮವಾರದ ತನಕ ಯಾರ ಹತ್ರಾನೂ ಜಗಳ ಆಡಬೇಡ," ಎಂದು ಸಿಸ್ಟರ್ ಎಚ್ಚರಿಸಿದರು.

ಭಾನುವಾರ ಬೆಳಿಗ್ಗೆ ಬೊಮ್ಮಣ್ಣನ ಅಂಗಳದಲ್ಲಿ ಮಕ್ಕಳ ಸಾಲು. ಕಾಮಾಲೆಗೆ ಅವನ ಮನೆತನದವರು ಮಣಿಕಟ್ಟಿನ ಮೇಲೆ ಮೂರು ಗೀರು ಎಳೆದು ಸೊಪ್ಪು ತಿಕ್ಕುತ್ತಾರೆ. ಅಜ್ಜನ ಕಾಲದಿಂದ ಅದೇ ಕತ್ತಿ. ದೇವರ ಮುಂದೆ ಇಟ್ಟು ಪೂಜಿಸಿದ್ದು, ಬದಲಿಸುವಂತಿಲ್ಲ. ಏಳನೆಯ ವಯಸ್ಸಿನಲ್ಲಿ ಎಳೆದ ಮೂರು ಗೀರು ಚಿನ್ನಕ್ಕನ ಕೈಯಲ್ಲೂ ಇದ್ದವು. ಅವಳು ಹೋಗುವಷ್ಟರಲ್ಲಿ ಮೊದಲ ಮಗುವಿಗೆ ಗೀರಿಯಾಗಿತ್ತು. ಬೊಮ್ಮಣ್ಣ ಕತ್ತಿಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಎರಡನೆಯ ಮಗುವಿನ ಕೈ ಹಿಡಿದ.

"ಅಣ್ಣಾ, ಒಬ್ಬರ ರಕ್ತ ಒಬ್ಬರಿಗೆ ಹಚ್ಚಬ್ಯಾಡ. ನನ್ನ ಸೀಕು ಹರಡೋದೇ ಹಂಗೆ. ಹೊಸ ಬ್ಲೇಡು ತರಿಸ್ಲಾ?"

"ನಿನ್ ಸೀಕು ಊರಿಗೆಲ್ಲ ಹಂಚಿ ಈಗ ನನಗೆ ಬುದ್ಧಿ ಹೇಳಾಕೆ ಬಂದ್ಯಾ? ದೂರ ನಿಂತ್ಕ."

"ನಡಿಯಮ್ಮ ಅತ್ಲಾಗೆ," ಎಂದ ಸೂರಪ್ಪ. ಸಾಲಿನಲ್ಲಿ ಅವನ ಮೊಮ್ಮಗಳೂ ಇದ್ದಳು.

ಇಷ್ಟು ದಿನ ಹೇಳಿ ಹೇಳಿ ಸೋತ ಮಾತು ಅವಳ ಬಾಯಲ್ಲಿ ಕಹಿಯಾಯಿತು. ನೀರು ಅಂದರೆ ಕೇಳಲಿಲ್ಲ, ರಕ್ತ ಅಂದರೆ ಕೇಳಲಿಲ್ಲ. ಇವರು ನಂಬುವುದು ಒಂದನ್ನೇ, ತನ್ನ ಕೈ ಮುಟ್ಟಿದರೆ ಸೀಕು ಅಂಟುತ್ತದೆ ಎಂಬುದನ್ನು. ಅವಳು ಮುಂದೆ ಬಾಗಿ ಕತ್ತಿಯ ಹಿಡಿಯನ್ನು ಹಿಡಿದು ಎತ್ತಿದಳು.

"ಮುಟ್ಟೀನಿ ನೋಡ್ರಿ. ಈಗ ಯಾರ ಮಗೀಗೆ ಗೀರುಸ್ತೀರಾ, ಬರ್ರಿ!"

ತಾಯಂದಿರು ಮಕ್ಕಳನ್ನು ಸೆರಗಿಗೆಳೆದುಕೊಂಡರು. ಒಬ್ಬಳು ಅವಳತ್ತ ಮಣ್ಣು ತೂರಿದಳು. ಬೊಮ್ಮಣ್ಣ ಕತ್ತಿಯನ್ನು ಮತ್ತೆ ಮುಟ್ಟಲಿಲ್ಲ. ಉಳಿದ ಹದಿಮೂರು ಮಕ್ಕಳಿಗೆ ಬರೀ ಸೊಪ್ಪು ತಿಕ್ಕಿ ಕಳಿಸಿದ. ಮೊಮ್ಮಗಳನ್ನು ಎತ್ತಿಕೊಂಡು ಹೊರಟ ಸೂರಪ್ಪ ಅವಳ ಮುಖ ನೋಡದೆ ಅಂದ: "ನಾಳೆ ಕಾಗದ ತರಬ್ಯಾಡ."

ಸೋಮವಾರ ಸೌಟು ಗಂಗಲಕ್ಷ್ಮಿಯ ಕೈಗೆ ಹೋಯಿತು. ಎಳೆಯ ಹೆಂಗಸು, ಅಷ್ಟು ಜನಕ್ಕೆ ಬೇಯಿಸಿ ಗೊತ್ತಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಓಡಿಬಂದು ಚಿನ್ನಕ್ಕನ ಮನೆಯ ಬಾಗಿಲಾಚೆಯೇ ನಿಂತಳು.

"ಅಕ್ಕಾ, ಅರವತ್ತು ಮಕ್ಕಳ ಸಾರಿಗೆ ಉಪ್ಪು ಎಷ್ಟು?"

ಚಿನ್ನಕ್ಕ ಬಾಗಿಲು ಹಾಕಿಬಿಡಬಹುದಿತ್ತು. "ಎರಡು ಹಿಡಿ. ಬೆಂದ ಮ್ಯಾಲೆ ನೋಡಿ ಇನ್ನಾ ಚೂರು ಹಾಕು," ಎಂದಳು. "ಕುಡಿಯೋ ನೀರು ಕುದಿಸಿ ಇಡು, ಗಂಗೀ."

"ಅದಕ್ಕೆ ಗ್ಯಾಸ್ ಸುಡಬ್ಯಾಡ ಅಂದಾರಕ್ಕ ಸೂರಪ್ಪಾರು. ನೀರಿನಾಗೇನೂ ಇಲ್ಲಂತೆ."

ಚಿನ್ನಕ್ಕ ಹಿತ್ತಲಿಗೆ ಹೋಗಿ ದೊಡ್ಡ ತಪ್ಪಲೆಗೆ ನೀರು ತುಂಬಿ ಒಲೆಗಿಟ್ಟಳು, ಕಟ್ಟಿಗೆ ಮುರಿದು ಒಡ್ಡಿದಳು. "ಕುದಿದ ಮ್ಯಾಲೆ ಬಂದು ಒಯ್ಯಿ," ಎಂದಳು. "ನಾನು ಕಾಸಿದ್ದು ಅಂತ ಮಾತ್ರ ಯಾರಿಗೂ ಹೇಳಬ್ಯಾಡ."