ದೊಡ್ಡ ಪರಾತ

ಅಂಕಲ್‌ರ ಬಲಗೈ ಹೆಬ್ಬೆರಳಿನ ಉಗುರಿನಡಿ ಯಾವಾಗಲೂ ರಬ್ಬರಿನ ಪುಡಿ. ಮಕ್ಕಳು ಪೆನ್ಸಿಲ್ ಬರಹ ಅಳಿಸುವ ಬಿಳಿ ರಬ್ಬರು. ಸಿಡ್ನಿಯ ಟೂಂಗಾಬಿಯ ತಮ್ಮ ಗ್ಯಾರೇಜಿನಲ್ಲಿ ರಿಪೇರಿಗೆಂದು ಯಾರ ಕಂಪ್ಯೂಟರ್ ಬಿಚ್ಚಿದರೂ ಅವರು ಮೊದಲು ಮೆಮೊರಿ ಕಡ್ಡಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಕೊಳೆ ತೆಗೆಯುತ್ತಿದ್ದರು. ಬಲಗೈ ಎಂದು ಬರೆದುಬಿಟ್ಟೆ. ಎಡಗೈಯೂ ಇರಬಹುದು.

ನಾನು ಆಫೀಸು ಬಿಟ್ಟು, ಕ್ವೇಕರ್ಸ್ ಹಿಲ್‌ನ ಮನೆಯಲ್ಲೇ ಮದುವೆ ವಿಡಿಯೊ ಎಡಿಟ್ ಮಾಡಲು ಕೂತ ವರ್ಷ ಅದು. ಮೊದಲ ದೊಡ್ಡ ಕೆಲಸ ಮೆಲ್ಬರ್ನಿನದು. ಐದು ದಿನದಲ್ಲಿ ವಿಡಿಯೊ ರಿಸೆಪ್ಷನ್ನಿನ ಪರದೆಯ ಮೇಲೆ ಇರಬೇಕು. ನನ್ನ ಯಂತ್ರ ತೆವಳುತ್ತಿತ್ತು. ಈ ಕೆಲಸ ಕೆಟ್ಟರೆ ಮತ್ತೆ ಆಫೀಸೇ ಗತಿ.

“ಅಂಕಲ್, ಹೈಸ್ಪೀಡ್ ಮೆಮೊರಿ ಹಾಕಿಸ್ಲಾ? ರೇಟು ಡಬಲ್.”

“ಸ್ಪೀಡ್ ತಗೊಂಡು ಏನ್ ಮಾಡ್ತೀಪಾ? ದೊಡ್ಡದು ತಗೋ. ಹಿಟ್ಟು ನಾದಾಕ ಪರಾತ ದೊಡ್ಡದಿರಬೇಕು, ಬೆಳ್ಳೀದಲ್ಲ.”

“ಪರಾತ ಅಂದ್ರೆ?”

“ಬೆಂಗಳೂರಿನಾವಾ! ದೊಡ್ಡ ತಾಟೋ. ಧಾರವಾಡಕ್ಕ ಬಂದು ರೊಟ್ಟಿ ತಿಂದಿದ್ರ ಗೊತ್ತಿರ್ತಿತ್ತು.”

ದೊಡ್ಡದೂ ವೇಗದ್ದೂ ಆದದ್ದನ್ನೇ, ಡಬಲ್ ಕೊಟ್ಟು ತಂದೆ. ಅಂಕಲ್‌ರ ಗ್ಯಾರೇಜಿನಲ್ಲಿ ಹಾಕಿದರೆ ಯಂತ್ರ ನಿಂತಿತು. ಅವರು ಉಜ್ಜಿದರು. ಮತ್ತೆ ನಿಂತಿತು. ನಾನು ಡ್ರೈವ್‌ವೇಯಲ್ಲಿ ಅತ್ತಿಂದಿತ್ತ ಓಡಾಡುತ್ತ, ಎಲ್ಲ ಮುಗಿಯುತ್ತ ಬಂತೆಂದು ಮೆಲ್ಬರ್ನಿನವರಿಗೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದೆ. ಒಳಗೆ ಬಂದಾಗ ಅವರು ಸೆಟಿಂಗ್ಸಿನಲ್ಲಿ ಏನೋ ಒತ್ತುತ್ತಿದ್ದರು. ಏನೋ ಹೇಳಿದರೇ? ನನ್ನ ಕಿವಿ ಇನ್ನೂ ಫೋನಿನಲ್ಲಿತ್ತು. ಯಂತ್ರವಂತೂ ಓಡಿತು.

ವಿಡಿಯೊ ಸಮಯಕ್ಕೆ ಸರಿಯಾಗಿ ಮೆಲ್ಬರ್ನ್ ಸೇರಿತು. ಕೆಲಸ ಉಳಿಯಿತು. ಮುಂದಿನ ಮೂರು ವರ್ಷ ಸಿಕ್ಕವರಿಗೆಲ್ಲ ಹೇಳಿದೆ: ಸ್ಪೀಡಿಗೆ ಕೊಟ್ಟ ದುಡ್ಡು ಸಾರ್ಥಕ, ಯಂತ್ರ ಹಾರುತ್ತೆ. ನನ್ನ ಮಾತು ಕೇಳಿ ಇಬ್ಬರು ಕೊಂಡರು ಕೂಡ.

ಆಮೇಲೊಂದು ಮಧ್ಯಾಹ್ನ ನಾನೇ ಸೆಟಿಂಗ್ಸ್ ತೆರೆದೆ. ಹೈಸ್ಪೀಡ್ ಆಫ್ ಆಗಿತ್ತು. ಮೂರು ವರ್ಷವೂ ಅದು ಅಗ್ಗದ ಮೆಮೊರಿಯ ವೇಗದಲ್ಲೇ ನಡೆದಿತ್ತು. ನೇರ ಟೂಂಗಾಬಿಗೆ ಹೋದೆ.

“ಅಂಕಲ್, ಸ್ಪೀಡ್ ನೀವು ಆಫ್ ಮಾಡಿದ್ರಾ?”

“ಅವತ್ತೇ. ಆನ್ ಇಟ್ರ ನಿಲ್ತಿತ್ತು. ಹೇಳಿದ್ನಲ್ಲ?”

“ಇಲ್ಲ!”

“ಹೇಳೀನಿ. ನೀ ಹ್ಞೂಂ ಅಂದಿ.”

“ಮತ್ತೆ ಹಾರ್ತಿತ್ತಲ್ಲ?”

ಅವರು ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದರು. “ಪರಾತ ದೊಡ್ಡದಾಗಿತ್ತಪಾ.”

ಕಳೆದ ಜುಲೈನ ಚಳಿಯಲ್ಲಿ ಅಂಕಲ್ ತೀರಿಕೊಂಡರು. ಇದನ್ನು ಬರೆಯುತ್ತಿರುವುದು ಅದೇ ಯಂತ್ರದಲ್ಲಿ. ಸ್ಪೀಡ್ ಈಗಲೂ ಆಫ್, ಮುಟ್ಟಿಲ್ಲ. ವಿಚಿತ್ರವೆಂದರೆ, ಅವರು ಅವತ್ತು ಹೇಳಿದ್ದರೆಂದೇ ಈಗ ನೆನಪು. “ಸ್ಪೀಡ್ ಬಂದ್ ಮಾಡೀನಿ, ಆತಿಲ್ಲ?” ದನಿ, ಗ್ಯಾರೇಜಿನ ಫ್ಯಾನಿನ ಸದ್ದು, ನನ್ನ ಹ್ಞೂಂ, ಎಲ್ಲ ಸ್ಪಷ್ಟ. ಆ ಮೂರು ವರ್ಷ ಯಂತ್ರ ಸ್ಪೀಡಿನಿಂದಲೇ ಹಾರುತ್ತಿದ್ದದ್ದೂ ನನಗೆ ಇಷ್ಟೇ ಸ್ಪಷ್ಟವಾಗಿತ್ತು.